ಹದಿಮೂರನೇ ಬರ್ತ್

ಮೊದಲು ಚಪ್ಪಲಿ ಈಚೆ ತೆಗಿ.
ಚೀಲದ ತಳಕ್ಕೆ ತುರುಕಿದ್ದೀಯಾ? ಎಲ್ಲರೂ ಅಲ್ಲೇ ತುರುಕುತ್ತಾರೆ.
ಅಲ್ಮಾಟಿಯಿಂದ ಕ್ಯಾಸ್ಪಿಯನ್ ಕಡೆಗೆ ಎರಡು ರಾತ್ರಿ, ಮೂರು ಹಗಲು;
ಶೂ ಬಿಗಿದುಕೊಂಡೇ ಕೂತವರ ಪಾದ
ನಾದಿಟ್ಟು ಮರೆತ ಹಿಟ್ಟಿನ ಹಾಗೆ ಉಬ್ಬುತ್ತದೆ.

ನಾನು ರೌಶಾನ್. ಇಪ್ಪತ್ತಾರು ವರ್ಷ ಇದೇ ದಾರಿಯಲ್ಲಿ
ಬೋಗಿ ನೋಡಿಕೊಂಡವಳು.
ಹಾಸಿಗೆ ಕೊಟ್ಟೆ, ಹಾಸಿಗೆ ಎಣಿಸಿದೆ, ಕುಡುಕರನ್ನು ಗದರಿದೆ.
ಮೂರು ಹೆರಿಗೆ, ಒಂದು ಸಾವು,
ಕಕ್ಕಸಿನ ಬಾಗಿಲಿಗೆ ಲೆಕ್ಕವಿಲ್ಲದಷ್ಟು ಬೀಗ.
ಆದ್ದರಿಂದ ಹೇಳಿದ್ದು ಕೇಳು. ಕೇಳದಿದ್ದರೂ ಹೇಳುತ್ತೇನೆ.

ಟಿಕೆಟ್ಟು ಒಂದು ಕಡೆ, ಗುರುತಿನ ಚೀಟಿ ಇನ್ನೊಂದು ಕಡೆ.
ದುಡ್ಡು ಮೂರು ಕಡೆ; ಅದರಲ್ಲೊಂದು
ನೀನೇ ಮರೆತುಬಿಡುವಂಥ ಜಾಗವಾಗಿರಲಿ,
ಚಳಿಗಾಲದಲ್ಲಿ ಕೋಟಿನ ಅಸ್ತರಿನಿಂದ ಸಿಕ್ಕರೆ ಹಬ್ಬ.
ಚೀಲದ ಹಿಡಿಗೆ ಕೆಂಪು ದಾರ ಕಟ್ಟು.
ಕತ್ತಲಲ್ಲಿ ಕಪ್ಪು ಚೀಲಗಳೆಲ್ಲ ಒಂದೇ ತಾಯಿಯ ಮಕ್ಕಳು.

ಮಧ್ಯಾಹ್ನ ನೆರಳು ಬೇಕಾದರೆ ಬಲಗಡೆಗೆ ಬಾ.
ಆದರೆ ಸಿರ್ ದರ್ಯಾ ಹರಿಯುವುದು ಎಡಗಡೆ.
ನೆರಳೂ ನದಿಯೂ ಒಂದೇ ಕಿಟಕಿಯಲ್ಲಿ ಸಿಗುವುದಿಲ್ಲ, ಇಂಕಾರ್,
ಇದನ್ನು ಯಾವ ಟಿಕೆಟ್ಟಿನ ಬೆನ್ನ ಮೇಲೂ ಅಚ್ಚು ಹಾಕುವುದಿಲ್ಲ.

ತಿನ್ನಲು ಬಹಳ ಕಟ್ಟಿಕೊಳ್ಳಬೇಡ.
ಕುರ್ತ್ ಉಂಡೆ ನಾಲ್ಕು ಸಾಕು. ಉಪ್ಪುಮೊಸರಿನ ಆ ಕಲ್ಲು ಬಾಯಲ್ಲಿದ್ದರೆ
ಹಸಿವೂ ಕಡಿಮೆ, ಮಾತೂ ಕಡಿಮೆ.
(ನಾನು ಇಟ್ಟುಕೊಳ್ಳುವುದಿಲ್ಲ, ನೋಡುತ್ತಿದ್ದೀಯಲ್ಲ.)
ಉಳಿದದ್ದು ದಾರಿಯೇ ತಂದುಕೊಡುತ್ತದೆ:
ಕಿಜಿಲೋರ್ದಾದಲ್ಲಿ ಕರ್ಬೂಜ,
ಅರಾಲ್ ನಿಲ್ದಾಣದಲ್ಲಿ ಹೊಗೆಗಿಟ್ಟ ಮೀನು.
ಮೀನು ಕೊಂಡರೆ ಒಬ್ಬಳೇ ತಿನ್ನಬೇಡ;
ವಾಸನೆ ಬೋಗಿಗೆಲ್ಲ, ರುಚಿ ಒಬ್ಬಳಿಗೆ ಅಂದರೆ ಜಗಳ.

ಪ್ಲಾಟ್‌ಫಾರ್ಮಿಗೆ ಇಳಿದರೆ ನಿನ್ನ ಕಿಟಕಿ ಕಾಣುವಷ್ಟೇ ದೂರ.
ಸೈತ್ಕಾಲಿ ಅಂತ ಒಬ್ಬರು, ಕುರಿ ಡಾಕ್ಟರು,
ಶಾಲ್ಕಾರಿನಲ್ಲಿ ಬಿಸಿ ರೊಟ್ಟಿ ಅಂತ ಬನಿಯನ್ನಿನಲ್ಲೇ ಓಡಿದರು.
ರೈಲು ಹೊರಟಿತು.
ಅವರ ಹಲ್ಲಿನ ಸೆಟ್ಟು ನನ್ನ ಗಾಜಿನ ಲೋಟದಲ್ಲಿ
ಕೊನೆಯ ನಿಲ್ದಾಣದವರೆಗೂ ಕಿಲಕಿಲ ಅಂತಲೇ ಬಂತು.
ತಿರುಗಿ ಬರುವಾಗ ಅದೇ ಕಂಬದ ಕೆಳಗೆ ನಿಂತಿದ್ದರು,
ಯಾರದೋ ಅಂಗಿ, ಬೊಚ್ಚುಬಾಯಿ ತುಂಬ ನಗು, ಕಂಕುಳಲ್ಲಿ ರೊಟ್ಟಿ.
ಇಡೀ ಪ್ರಯಾಣದಲ್ಲಿ ನೆನಪಿಡುವಂಥದ್ದು
ಆ ನಾಲ್ಕು ದಿನವೇ ಅಂತ ಹೇಳಿಕೊಂಡು ತಿರುಗಿದರಂತೆ.
ಹಾಗಂತ ನೀನು ಇಳಿದು ಕೂರಬೇಡ.

ಬೆಳಗಿನ ಐದಕ್ಕೆ ಏಳು. ಫೋನು ದಿಂಬಿನಡಿ ಮಲಗಿರಲಿ.
ಒಂಟೆ ಕಂಡರೆ ಮೊದಲು ಕಣ್ಣು ತುಂಬ ನೋಡು;
ಫೋಟೋ ತೆಗೆಯಲು ಆಮೇಲೂ ಅದು ಅಲ್ಲೇ ಇರುತ್ತದೆ,
ಒಂಟೆಗೇನು ಅವಸರ.

ಯಾಕೆ ನಗುತ್ತೀಯಾ?
ಓ.
ನನ್ನ ಕಾಲು.

ಹೌದು, ಶೂನಲ್ಲೇ ಇದ್ದೇನೆ.
ಚಪ್ಪಲಿ ಅಲ್ಮಾಟಿಯಲ್ಲಿ, ಬಾಗಿಲ ಹಿಂದೆ,
ಮರೆಯಬಾರದು ಅಂತ ಎತ್ತಿಟ್ಟ ಜಾಗದಲ್ಲೇ.
ಟಿಕೆಟ್ಟು ಕೈಯಲ್ಲಿ ಹಿಡಿದು ಈ ರೈಲು ಹತ್ತಿದ್ದು ಇದೇ ಮೊದಲು.
ಆಗ ಬಂದಳಲ್ಲ, ಆ ಹೊಸ ಹುಡುಗಿ ಮೋಲ್ದಿರ್,
"ಅಜ್ಜಿ, ಚಹಾ ತರಲೇ?" ಅಂದಾಗ
ನಾನೇ ಎದ್ದು ಹಬೆಯ ಹಂಡೆಯತ್ತ ನಡೆದಿದ್ದೆ.
ಭುಜ ಒತ್ತಿ ಕೂರಿಸಿದಳು.
ಎಷ್ಟು ವರ್ಷವಾಯಿತೋ, ಬೇರೆಯವರು ಕಲಕಿದ ಸಕ್ಕರೆ.

ಇನ್ನೊಂದು ಮಾತು, ಯಾರಿಗೂ ಹೇಳಬೇಡ.
ಕೊನೆಯ ನಿಲ್ದಾಣದಿಂದ ಸಮುದ್ರ ಇಪ್ಪತ್ತು ಕಿಲೋಮೀಟರು.
ನಮಗಿದ್ದ ಬಿಡುವಿನಲ್ಲಿ ಬೋಗಿ ಗುಡಿಸಬೇಕು,
ಹಾಸಿಗೆ ಎಣಿಸಬೇಕು, ಒಂದು ಯಾವಾಗಲೂ ಕಡಿಮೆ.
ಗಾಳಿ ಆ ಕಡೆಯಿಂದ ಬಂದಾಗ ತುಟಿ ಉಪ್ಪಾಗುತ್ತಿತ್ತು.
ಅಷ್ಟೇ ಗೊತ್ತು ನನಗೆ ಸಮುದ್ರ.

ನೀನು ಅಲ್ಲಿಯವಳೇ ಅಂದೆಯಲ್ಲ,
ಇನ್ನು ನೀನು ಹೇಳು, ನಾನು ಕೇಳುತ್ತೇನೆ:
ಯಾವ ಬಸ್ಸು? ಎಷ್ಟು ಗಂಟೆಗೆ ಹೋದರೆ ಜನ ಕಡಿಮೆ?
ನೀರಿಗಿಳಿಯುವವರು
ಶೂ ಎಲ್ಲಿ ಬಿಡುತ್ತಾರೆ?